ರಸ್ತೆಗೆ ಕಾಣದ ಗಾಜಿನ ಮನೆ

ಶೇಖರ್ ಊಟ ಮಾಡುವಾಗ ತಟ್ಟೆ ನೋಡುತ್ತಿರಲಿಲ್ಲ, ಸೂರು ನೋಡುತ್ತಿದ್ದ. ಕೈ ತನ್ನಷ್ಟಕ್ಕೆ ತಾನು ರೊಟ್ಟಿ ಮುರಿದು, ಪಲ್ಯಕ್ಕೆ ಒತ್ತಿ, ಬಾಯಿಗೆ ಒಯ್ಯುತ್ತಿತ್ತು. ಕತ್ತು ಮಾತ್ರ ಹಿಂದಕ್ಕೆ ವಾಲಿ, ಮೇಲೆಲ್ಲೋ ಇಲಿ ಸತ್ತು ಬಿದ್ದಿದೆ ಎನ್ನುವ ಹಾಗೆ ಮೂಗಿನ ಹೊಳ್ಳೆ ಅರಳಿರುತ್ತಿತ್ತು. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನನ್ನ ಖಾನಾವಳಿಗೆ ಮೊದಲ ಸಲ ಬಂದ ದಿನವೇ, ನಾನು ಆಸೆಪಟ್ಟು ಹಾಕಿಸಿದ್ದ ಪ್ಲಾಸ್ಟರಿನ ಹೂವುಗಳನ್ನು ಬಹಳ ಹೊತ್ತು ದಿಟ್ಟಿಸಿ ನನ್ನನ್ನು ಕರೆದ.

“ಅಕ್ಕಾವರ, ಮ್ಯಾಲಿನ ಈ ಹೂವ ಯಾರು ಮಾಡ್ಸಿದ್ದು?”

“ನಾವ ಮಾಡ್ಸೀವ್ರಿ. ಯಾಕ?”

“ಏನಿಲ್ಲ. ಇಂಥಾ ಹೂವಿನ ಕೆಳಗ ಕುಂತು ತಿನ್ನಾಕ ಪುಂಡಿ ಪಲ್ಯಕ್ಕೂ ನಾಚಿಕಿ ಬರ್ತದ.”

“ಪಲ್ಯ ಹೆಂಗಾಗ್ಯಾದ, ಅದನ್ನ ಹೇಳ್ರಿ.”

“ನಡೀತದ.”

‘ನಡೀತದ’ ಎನ್ನುವುದು ಆತನ ಬಾಯಿಂದ ಬರಬಹುದಾದ ಅತಿ ದೊಡ್ಡ ಹೊಗಳಿಕೆ ಎಂದು ನನಗೆ ತಿಳಿದದ್ದು ಆಮೇಲೆ. ಆವತ್ತು ಮಾತ್ರ, ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡು ಅದನ್ನೂ ಸೂರು ನೋಡುತ್ತಲೇ ಮುಗಿಸಿದ ಈ ಮನುಷ್ಯನ ಬೆನ್ನಿಗೆ ಒಂದು ಸೌಟು ಬೀಸಿ ಒಗೆಯಬೇಕು ಎನ್ನಿಸಿತ್ತು. ಮರುದಿನ ಮತ್ತೆ ಬಂದ. ಅದರ ಮರುದಿನವೂ ಬಂದ. ಬೈದುಕೊಂಡೇ ದಿನಾ ಬರುವ ಗಿರಾಕಿಗಳನ್ನು ನಾನು ಬಲ್ಲೆ. ಅವರಿಗೆ ಮನೆಯಲ್ಲಿ ಬೈಯಲು ಯಾರೂ ಇರುವುದಿಲ್ಲ.

ಆತ ಆರ್ಕಿಟೆಕ್ಟು. ಹೈದರಾಬಾದಿನಲ್ಲಿ ಓದಿ, ಅಲ್ಲಿಯೇ ಕೆಲವು ವರ್ಷ ಯಾರದೋ ಕೈಕೆಳಗೆ ದುಡಿದು, ಊರಿಗೆ ಮರಳಿ, ನಮ್ಮ ಓಣಿಯಲ್ಲೇ ಒಂದು ಮಹಡಿಯ ಮೇಲೆ ಬಾಡಿಗೆಗೆ ಇದ್ದ. ಮದುವೆಯಾಗಿರಲಿಲ್ಲ. ಯಾವ ಹೆಣ್ಣಿನ ತವರುಮನೆಗೆ ಹೋದರೂ ಮೊದಲು ಅವರ ತೊಲೆ ನೋಡಿ ಮುಖ ಕಿವುಚುತ್ತಿದ್ದನೇನೋ. ಬೇಸಿಗೆಯಲ್ಲಿ ಹುಲ್ಲಿನ ಟೊಪ್ಪಿಗೆ, ಚಳಿಗಾಲದಲ್ಲೂ ಅದೇ ಟೊಪ್ಪಿಗೆ. ನಡೆಯುವಾಗ ಮನುಷ್ಯರಿಗೆ ಢಿಕ್ಕಿ ಹೊಡೆಯುತ್ತಿದ್ದ, ಏಕೆಂದರೆ ಕಣ್ಣು ಯಾವಾಗಲೂ ಕಟ್ಟಡಗಳ ಮೇಲೆ. ಜಗತ್ ಸರ್ಕಲ್ಲಿಗೆ ಬಂದರಂತೂ ಆತನ ಬಾಯಿ ನಿಲ್ಲುತ್ತಿರಲಿಲ್ಲ. ಇದು ಸಾಬೂನಿನ ಡಬ್ಬಿ, ಅದು ಫ್ರಿಜ್ಜು, ಮೂಲೆಯದ್ದು ಹಲ್ಲು ಕಟ್ಟಿಸಿಕೊಂಡ ಮುದುಕ. ಒಂದು ನೀಲಿ ಗಾಜಿನ ಕಾಂಪ್ಲೆಕ್ಸ್ ಬಂದಾಗ ಮಾತ್ರ ಏನೂ ಅನ್ನದೆ ಟೊಪ್ಪಿಗೆಯನ್ನು ಆ ಕಡೆಗೆ ಎಳೆದುಕೊಂಡು ದಾಟಿಬಿಡುತ್ತಿದ್ದ. ಅದನ್ನು ಬೈಯಲು ಆತನಿಗೆ ಶಬ್ದವೇ ಸಿಗುವುದಿಲ್ಲವೆಂದು ನಾವೆಲ್ಲ ನಗುತ್ತಿದ್ದೆವು.

“ಈ ಊರಾಗ ಮೊದಲ ಮನಿ ಕಟ್ಟೋ ಮಂದಿ ಇದ್ರು, ಅಕ್ಕಾವರ. ಈಗ ಬರೇ ಖರ್ಚ ಮಾಡೋ ಮಂದಿ ಉಳದಾರ,” ಎನ್ನುವುದು ಆತನ ಪಲ್ಲವಿ.

ಹಾಗಾದರೆ ಈತ ಕಟ್ಟಿದ್ದೆಲ್ಲಿ ಎಂದು ಕೇಳಿದರೆ, ಅಲ್ಲೊಂದು ಮನೆಯ ಮೆಟ್ಟಿಲು, ಇಲ್ಲೊಂದು ಕಂಪೌಂಡು, ಯಾರದೋ ಅಂಗಡಿಯ ಅಟ್ಟ. ಮಾಲಕರು ಅರ್ಧಕ್ಕೆ ಬಿಡಿಸಿದ ಕೆಲಸಗಳೇ ಹೆಚ್ಚು. ಆತನ ಮೇಲೆ ನನಗೆ ಗೌರವವಿತ್ತು ಎಂದು ಬರೆದರೆ ಸುಳ್ಳಾದೀತು. ಬೇರೆಯವರ ಬೆವರಿನ ಮೇಲೆ ಮೂಗು ಮುರಿಯುತ್ತ, ಅವರದೇ ರೊಟ್ಟಿ ತಿನ್ನುವವನ ಮೇಲೆ ಇರುವಂಥದ್ದೇ ಭಾವನೆ ನನಗೆ ಇದ್ದದ್ದು.

ಮಹಾಗಾಂವ ದಾಟಿ ಕಮಲಾಪುರದ ಕಡೆ ಹೊರಟರೆ ಹೆದ್ದಾರಿಯ ಎಡಕ್ಕೆ ನಮ್ಮದೊಂದು ಮಡ್ಡಿ ಇದೆ. ಅಜ್ಜನ ಆಸ್ತಿ ಹಂಚುವಾಗ ಕೆಳಗಿನ ಕರಿನೆಲವೂ ಕೆಂಪು ಬಾಳೆಯ ತೋಟವೂ ದೊಡ್ಡಪ್ಪನ ಮಕ್ಕಳಿಗೆ ಹೋಗಿ, ಈ ಕಲ್ಲುದಿಬ್ಬ ನನಗೂ ತಮ್ಮ ಈರಣ್ಣನಿಗೂ ಬಂದಿತ್ತು. ನೇಗಿಲು ಇಳಿಯದ ನೆಲ. ಸುಟ್ಟ ಹಂಚಿನ ಬಣ್ಣದ ಕಲ್ಲು, ಅಲ್ಲಲ್ಲಿ ತಂಗಡಿ ಗಿಡ, ಗಾಳಿಗೆ ಒಂದೇ ಕಡೆ ಬಾಗಿದ ಒಂದು ಜಾಲಿ. ಅದರ ಮೇಲೆ ಆಕಾಶ. ಎಪ್ರಿಲಿನಲ್ಲಿ ಅಲ್ಲಿ ನಿಂತರೆ ನಿಮ್ಮ ನೆರಳು ಕೂಡ ನಿಮ್ಮ ಕಾಲಡಿಗೆ ಬಂದು ಅಡಗಿಕೊಳ್ಳುತ್ತದೆ. ನಾವು ಅದನ್ನು ಆಸ್ತಿ ಎಂದು ಕರೆಯುತ್ತಿದ್ದದ್ದು ಬೀಗರ ಮುಂದೆ ಮಾತ್ರ.

ಈರಣ್ಣನಿಗೆ ಜಗತ್ ಸರ್ಕಲ್ಲಿನ ಹತ್ತಿರ ಮೊಬೈಲ್ ಅಂಗಡಿ ಇದೆ. ಇಡೀ ದಿನ ಮೊಬೈಲಿನಲ್ಲಿ ಏನಾದರೂ ನೋಡುವುದು, ರಾತ್ರಿ ಬಂದು ಅದು ತನಗೂ ಬೇಕೆನ್ನುವುದು ಅವನ ಜಾಯಮಾನ. ಒಂದು ದಿನ ಖಾನಾವಳಿಗೆ ಬಂದವನೇ ಯಾವುದೋ ತಂಪು ದೇಶದ ಹೋಟೆಲಿನ ವಿಡಿಯೋ ತೋರಿಸಿದ. ಪೂರ್ತಿ ಗಾಜಿನದು, ಒಳಗೆ ಗಿಡಗಳು, ಗಿಡಗಳ ನಡುವೆ ಮೇಜು.

“ಅಕ್ಕಾ, ನಮ್ಮ ಮಡ್ಡಿ ಮ್ಯಾಲ ಇಂಥಾದ್ದೊಂದು ಗಾಜಿನ ಗುಮ್ಮಟ ಎಬ್ಸೂಣು. ಹುಮನಾಬಾದ ಕಡಿಂದ ಬರೋರಿಗೆ ದೂರದಿಂದ ಝಗಝಗ ಮಿಂಚಬೇಕು. ನಿನ್ನ ರೊಟ್ಟಿ, ನನ್ನ ಗಾಜು. ಮಂದಿ ಗಾಡಿ ನಿಲ್ಸಂಗಿಲ್ಲೇನು?”

ಪಕ್ಕದ ಮೇಜಿನಿಂದ ನಗೆ ಕೇಳಿಸಿತು. ಶೇಖರ್ ಮೊದಲ ಸಲ ಸೂರಿನಿಂದ ಕಣ್ಣು ಇಳಿಸಿದ್ದ.

“ಭಾಳ ಫಾಯದೇದ್ದು ಈರಣ್ಣಾವರ. ಅಡಗಿ ಒಲಿನ ಬ್ಯಾಡ. ಎಪ್ರಿಲ್ದಾಗ ಗಿರಾಕಿನ್ನ ಒಳಗ ಕೂಡ್ಸಿ ಬಾಗಲಾ ಹಾಕ್ರಿ. ಅವ್ರ ಬೇಯ್ತಾರ.”

ಈರಣ್ಣನ ಮುಖ ಕೆಂಪಾಯಿತು. “ಹಂಗಾರ ನೀವ ಕಟ್ಟಿ ತೋರ್ಸ್ರಿ ಸಾಹೇಬ್ರ. ಬಾಯಿಲೆ ಕಟ್ಟೋದು ನಮಗೂ ಬರ್ತದ.”

ಹೀಗೆ ಶುರುವಾಯಿತು. ಒಬ್ಬನ ಆಸೆಯಿಂದಲ್ಲ, ಇಬ್ಬರ ಹಟದಿಂದ. ನನ್ನ ಯಜಮಾನರು ಶಾಲೆಯ ಮಾಸ್ತರು, ಜಾಣರು. ಆ ಹೊತ್ತಿಗೇ ಎದ್ದು ಕೈತೊಳೆದುಕೊಂಡವರು ಈ ವಿಷಯದಲ್ಲಿ ಕೊನೆಯವರೆಗೂ ಬಾಯಿ ಹಾಕಲಿಲ್ಲ.

ಮೊದಲಿನ ಕೆಲವು ವಾರ ಶೇಖರ್ ಮಾಡಿದ್ದು ಏನೆಂದರೆ ಏನೂ ಇಲ್ಲ. ಬೆಳಿಗ್ಗೆ ಮಹಾಗಾಂವದ ಟೆಂಪೋ ಹತ್ತಿ ಮಡ್ಡಿಗೆ ಹೋಗುವುದು, ಒದ್ದೆ ಟವೆಲು ಟೊಪ್ಪಿಗೆಯ ಕೆಳಗೆ ಹಾಕಿಕೊಂಡು ಒಂದು ಕಲ್ಲಿನ ಮೇಲೆ ಕೂಡುವುದು, ಮಧ್ಯಾಹ್ನ ಇನ್ನೊಂದು ಕಲ್ಲಿಗೆ ಹೋಗಿ ಕೂಡುವುದು. ಊಟದ ಡಬ್ಬಿ ನಾನೇ ಕಳಿಸಬೇಕು. ಟೆಂಪೋದವನು ಡಬ್ಬಿ ಇಸಿದುಕೊಳ್ಳುವಾಗ ಸಣ್ಣ ದನಿಯಲ್ಲಿ, “ಅಕ್ಕಾವರ, ನಿಮ್ಮ ಇಂಜಿನಿಯರಗ ತಲಿ ಸುದ್ದ ಅದ ಹೌದಿಲ್ರೀ?” ಎಂದು ಕೇಳಿದ. ಬಿಸಿಲಿನಲ್ಲಿ ಕೂತರೆ ಜ್ಞಾನ ಬರುವುದಾದರೆ ಕಲಬುರಗಿಯವರೆಲ್ಲ ಎಂದೋ ಜ್ಞಾನಿಗಳಾಗಬೇಕಿತ್ತು. ನಾನೇ ಒಂದು ದಿನ ಹೋಗಿ ಎದುರು ನಿಂತೆ.

“ಏನ ನೋಡಾಕತ್ತೀರಿ?”

“ಎಲ್ಲಿ ಕಟ್ಟಬಾರ್ದು ಅಂತ ನೋಡಾಕತ್ತೀನಿ.”

“ಸಿಕ್ಕಿತೇನು?”

“ಎಲ್ಲಾ ಕಡಿ ಸಿಕ್ಕದ. ಈ ಮಡ್ಡಿ ಮ್ಯಾಲ ಏನ ನಿಲ್ಲಿಸಿದ್ರೂ ಅದು ಹಣಿ ಮ್ಯಾಲಿನ ಗುಳ್ಳಿ ಆಗ್ತದ. ಇದು ಬತ್ತಲ ಅದ, ಆದ್ರ ಇದಕ್ಕ ನಾಚಿಕಿ ಇಲ್ಲ. ನಾಚಿಕಿ ಇರೋದು ನಮಗ. ಅದಕ್ಕ ಅರಿವಿ ಉಡಸಾಕ ಓಡಿ ಬರ್ತೀವಿ.”

ಡಬ್ಬಿಯಲ್ಲಿ ಅರ್ಧ ರೊಟ್ಟಿ ಹಾಗೇ ಒಣಗಿತ್ತು. ಅದನ್ನು ತೋರಿಸಿ ಎರಡು ಮಾತು ಅಂದು ತಿರುಗಿ ಬಂದೆ.

ಆಮೇಲೆ ಒಂದು ಮುಂಜಾನೆ ಖಾನಾವಳಿಯ ಅಡುಗೆಮನೆಗೇ ನುಗ್ಗಿದ. ರೊಟ್ಟಿ ಬಡಿಯುವ ಹೆಂಗಸರ ಹಿಂದೆ ಗೋಡೆಗೆ ಒರಗಿ ನಿಂತು, ಹೊಗೆ ಯಾವ ಕಡೆ ಹೋಗುತ್ತದೆಂದು ಕೇಳಿದ. “ನಮ್ಮ ಕಣ್ಣಿಗೆ ಹೋಗ್ತದ್ರೀ,” ಎಂದಳು ಒಬ್ಬಳು. ಉಳಿದವರು ನಕ್ಕರು. ಆತ ನಗಲಿಲ್ಲ. ಒಲೆ ಆರುವವರೆಗೂ ಅಲ್ಲೇ ನಿಂತು, ಬೆವರಿನಲ್ಲಿ ಮಿಂದು, ಯಾರಿಗೂ ಒಂದು ಮಾತೂ ಹೇಳದೆ ಹೊರಟುಹೋದ. ಸೌಜನ್ಯ ಎನ್ನುವ ಪದಾರ್ಥ ಈ ಮನುಷ್ಯನ ಮನೆಯ ಕಡೆ ಹಾಯ್ದೇ ಇಲ್ಲ ಎಂದುಕೊಂಡೆ.

ನಕ್ಷೆ ತಂದಾಗ ಈರಣ್ಣ ಅದನ್ನು ಮೊದಲು ತಲೆಕೆಳಗಾಗಿ ಹಿಡಿದು ನೋಡಿದ. ನೆಟ್ಟಗೆ ಹಿಡಿದಾಗಲೂ ಅವನಿಗೆ ಸಂತೋಷವಾಗಲಿಲ್ಲ. ಕಟ್ಟಡ ಮಡ್ಡಿಯ ಮೇಲೆ ಇರಲೇ ಇಲ್ಲ, ಮಡ್ಡಿಯ ಒಳಗೆ ಇತ್ತು. ರಸ್ತೆಯ ಕಡೆಯ ಬೆನ್ನನ್ನು ಹಾಗೇ ಬಿಟ್ಟು, ಆಚೆ ಉತ್ತರಕ್ಕೆ ಇಳಿಯುವ ಓರೆಯಲ್ಲಿ ಕಲ್ಲು ಕಡಿದು ತಗ್ಗು ಮಾಡುವುದು. ಕಡಿದ ಕಲ್ಲಿನಿಂದಲೇ ಮೂರು ಕಡೆ ದಪ್ಪ ಗೋಡೆ. ಗಾಜು ಉತ್ತರಕ್ಕೆ ಮಾತ್ರ, ಓರೆಯಾಗಿ, ಗುಡ್ಡದ ಇಳಿಜಾರಿಗೇ ಒಂದು ಮುಚ್ಚಳ ಇಟ್ಟ ಹಾಗೆ. ನಡುಬೇಸಿಗೆಯಲ್ಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೂ ಇಣುಕುತ್ತಾನಲ್ಲ, ಅದಕ್ಕೆ ಗಾಜಿನ ಮೇಲೆ ತಂತಿಯ ಚಪ್ಪರ, ಚಪ್ಪರಕ್ಕೆ ತೊಂಡೆಯ ಬಳ್ಳಿ. ಬಿಸಿಗಾಳಿ ಹೊರಹೋಗಲು ನೆತ್ತಿಯುದ್ದಕ್ಕೂ ತೆರೆಯುವ ಕಿಂಡಿ, ಕೆಳಗೆ ಗಾಳಿ ಬರುವ ಕಡೆ ನೀರು ಚಿಮುಕಿಸಿದ ಖಸ್ ಪರದೆ, ಎಂದರೆ ಲಾವಂಚದ ಬೇರಿನದು. ಒಳಗೆ ಅಲಂಕಾರದ ಗಿಡ ಒಂದೂ ಇಲ್ಲ. ಮೆಂತ್ಯ, ಕೊತ್ತಂಬರಿ, ಬದನೆ, ಪುಂಡಿ, ಒಂದು ಮೂಲೆಗೆ ಕಮಲಾಪುರದ ಕೆಂಪು ಬಾಳೆ. ಜನ ಅವುಗಳ ನಡುವೆ ಕೂತು ಅವನ್ನೇ ತಿನ್ನಬೇಕು. ರೊಟ್ಟಿಯ ಒಲೆಗಳು ಮಾತ್ರ ಪೂರ್ತಿ ಹೊರಗೆ, ಗಾಳಿ ಹೊಗೆಯನ್ನು ಹೆಂಗಸರಿಂದ ಆಚೆಗೆ ಒಯ್ಯುವ ಕಡೆ, ಕಲ್ಲಿನ ಚಾವಣಿಯ ಕೆಳಗೆ.

“ಸಾಹೇಬ್ರ,” ಎಂದ ಈರಣ್ಣ, “ಇದು ರಸ್ತಾದಿಂದ ಎಲ್ಲಿ ಕಾಣ್ತದ?”

“ಕಾಣಂಗಿಲ್ಲ.”

“ಮತ್ತ ಗಿರಾಕಿ ಹೆಂಗ ಬರ್ತಾರ?”

“ರಸ್ತಾದ ಬಾಜೂಕ ಒಂದು ಬೋರ್ಡ್ ಬರೀರಿ. ಓದಾಕ ಬರೋರು ಬರ್ತಾರ. ಓದಾಕ ಬರದವ್ರಿಗೆ ರೊಟ್ಟಿ ವಾಸನಿ ಬರ್ತದ.”

ಈರಣ್ಣ ನನ್ನ ಮುಖ ನೋಡಿದ. ನಾನು ಹೂಂ ಅಂದೆ. ಓರೆ ಗಾಜು, ಕಿಂಡಿ, ಸೂರ್ಯ ಇವೆಲ್ಲ ನನಗೆ ತಿಳಿದು ಹೂಂ ಅಂದೆ ಎಂದಲ್ಲ. ನನಗೆ ತಿಳಿದದ್ದು ಆ ಒಲೆಗಳು ಮಾತ್ರ. ಈ ಊರಿನಲ್ಲಿ ಎಷ್ಟೋ ದೊಡ್ಡ ಹೋಟೆಲುಗಳ ಅಡುಗೆಮನೆ ನೋಡಿದ್ದೇನೆ. ರೊಟ್ಟಿ ಬಡಿಯುವವಳ ಕಣ್ಣನ್ನು ನಕ್ಷೆಯಲ್ಲಿ ಬರೆದವನನ್ನು ನೋಡಿರಲಿಲ್ಲ. ಜೊತೆಗೆ, ಶೇಖರನ ಮೇಲೆ ನನಗೆ ಎಷ್ಟು ತಾತ್ಸಾರವಿತ್ತೋ ಈರಣ್ಣನ ಗುಮ್ಮಟದ ಮೇಲೆ ಅದಕ್ಕಿಂತ ಒಂದು ತೂಕ ಹೆಚ್ಚು ಇತ್ತು.

ಕಬ್ಬಿಣದ ಚೌಕಟ್ಟಿನ ಕೆಲಸ ರಫೀಕ್ ಭಾಯಿಗೆ ಕೊಟ್ಟೆವು. ಊರಿನಲ್ಲಿ ಅವನಷ್ಟು ಚೊಕ್ಕ ವೆಲ್ಡಿಂಗ್ ಮಾಡುವವರು ಕಡಿಮೆ, ಮಾತು ಮೆತ್ತಗೆ. ನನ್ನ ಖಾನಾವಳಿಯ ಗ್ರಿಲ್ಲು, ಶಟರು ಎಲ್ಲ ಅವನದೇ. ಮೊದಲ ಚೌಕಟ್ಟು ನಿಲ್ಲಿಸಿದ ದಿನ ಶೇಖರ್ ಬಂದು, ಬೆಸುಗೆಯ ಮೇಲೆ ಬೆರಳಾಡಿಸಿ, ಅವನ ಕೆಲಸದವರೆಲ್ಲರ ಎದುರಿಗೆ, “ಇದನ್ನ ಕೊಯ್ದು ಕೆಳಗ ಹಾಕು. ನೀ ಹುಟ್ಟಿದ್ದು ಕಿಟಕಿ ಗ್ರಿಲ್ ಮಾಡಾಕ. ಅಲ್ಲೇ ಇರು,” ಎಂದ. ಬೆಸುಗೆಯಲ್ಲಿ ತಪ್ಪಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೂ ಹಾಗೆ ಅನ್ನುವ ಮಾತಲ್ಲ. ರಫೀಕ್ ಭಾಯಿ ಕೈಗವಸು ಕಳಚಿ, ಮಷಿನ್ನಿನ ವಾಯರು ಸುತ್ತಿ, ಟೆಂಪೋ ಹತ್ತಿ ಹೋದ.

ಅವನ ವರ್ಕ್‌ಶಾಪಿಗೆ ನಾನೇ ಹೋಗಬೇಕಾಯಿತು. ಸ್ಟೂಲು ಹಾಕಿ ಚಹಾ ತರಿಸಿದ. ಶೇಖರನ ಪರವಾಗಿ ನಾನು ಮಾಫಿ ಕೇಳಿದೆ. ಕೇಳುವಾಗ ನನಗೇ ಹೇಸಿಕೆಯಾಯಿತು.

“ನೀವ ಯಾಕ್ ಕೇಳ್ತೀರಿ ಅಕ್ಕಾ,” ಎಂದ ರಫೀಕ್ ಭಾಯಿ. “ಕೆಲಸ ತಿರುಗಿ ಮಾಡೋದು ನನಗ ಹೊಸಾದಲ್ಲ. ಆದ್ರ ಇಜ್ಜತ್ ಅವ್ರೊಬ್ಬರಿಗೇ ಅದ ಏನು? ಒಂದು ಮಾತು ಹೇಳ್ತೀನಿ, ಯಾರ ಮುಂದೂ ಅನಬ್ಯಾಡ್ರಿ. ಜಗತ್ ಸರ್ಕಲ್ಲಿನಾಗ ಆ ನೀಲಿ ಗಾಜಿನ ಕಾಂಪ್ಲೆಕ್ಸ್ ಅದ ನೋಡ್ರಿ, ಅದು ಇವ್ರದ್ದೇ. ಹೈದರಾಬಾದದಿಂದ ಬಂದ ಹೊಸ್ತಾಗ ಮಾಡಿದ್ದು. ಗಾಜು ಕೂಡ್ಸಿದ್ದು ನಾನ. ಅವಾಗ ಇವ್ರ ಹಿಂಗಿದ್ದಿಲ್ರೀ. ‘ರಫೀಕ್ ಭಾಯ್, ರಫೀಕ್ ಭಾಯ್’ ಅಂತ ಹೆಗಲ ಮ್ಯಾಲ ಕೈ ಹಾಕ್ತಿದ್ರು.”

ಯಾರ ಮುಂದೂ ಅನ್ನುವುದಿಲ್ಲವೆಂದು ಮಾತು ಕೊಟ್ಟೆ. ಶೇಖರ್ ಟೊಪ್ಪಿಗೆ ಎಳೆದುಕೊಂಡು ದಾಟುತ್ತಿದ್ದುದು ಕಣ್ಣ ಮುಂದೆ ಬಂತು. ಬೇರೆ ಯಾರಾದರೂ ಆಗಿದ್ದರೆ ಮನಸ್ಸು ಕರಗುತ್ತಿತ್ತೇನೋ. ನನಗೆ ಸಿಟ್ಟು ಇನ್ನೂ ಏರಿತು. ಊರಿಗೆಲ್ಲ ನಾಚಿಕೆ ಹಂಚುತ್ತಿದ್ದವನ ಸ್ವಂತ ಪಾಲು ಇಷ್ಟು ದೊಡ್ಡದಿತ್ತು.

ರಫೀಕ್ ಭಾಯಿ ಮರಳಿ ಬಂದ, ಒಂದು ಶರತ್ತಿನ ಮೇಲೆ. ಶೇಖರ್ ತನ್ನ ಜೊತೆ ನೇರ ಮಾತಾಡಕೂಡದು. ಏನಿದ್ದರೂ ಅಕ್ಕನ ಮೂಲಕ. ಹಾಗಾಗಿ ಆ ಮಳೆಗಾಲವೆಲ್ಲ ನಾನು ಖಾನಾವಳಿ ಬಿಟ್ಟು ಮಡ್ಡಿಯಲ್ಲಿ ನಿಂತೆ. ಇಬ್ಬರೂ ಒಂದೇ ಕಂಬದ ಆಚೆ ಈಚೆ ಇರುತ್ತಿದ್ದರು.

“ಅಕ್ಕಾವರ, ಆ ಪಟ್ಟಿ ಒಂದು ಬೆರಳು ಕೆಳಗ ಇಳೀಬೇಕು ಅಂತ ಅವ್ರಿಗೆ ಹೇಳ್ರಿ.”

“ರಫೀಕ್ ಭಾಯಿ, ಒಂದು ಬೆರಳು ಕೆಳಗಂತ.”

“ಯಾರ ಬೆರಳು, ಕೇಳ್ರಿ ಅಕ್ಕಾ.”

ನಾನು ತಿರುಗಿ ನೋಡಿದರೆ ಶೇಖರ್ ಗಂಭೀರವಾಗಿ ತನ್ನ ಬೆರಳು ಎತ್ತಿ ತೋರಿಸುತ್ತಿದ್ದ, ನನಗೆ. ಕೆಲಸದವರು ಮುಖ ತಿರುಗಿಸಿ ನಗುತ್ತಿದ್ದರು. ಕ್ಷಮಿಸು ಎನ್ನುವ ಒಂದು ಶಬ್ದಕ್ಕೆ ಆಗುವ ಖರ್ಚಿನ ಮುಂದೆ ಈ ಸರ್ಕಸ್ಸು ಎಷ್ಟು ದುಬಾರಿ ಎಂದು ಆ ಮನುಷ್ಯನಿಗೆ ಒಂದು ದಿನವೂ ಹೊಳೆಯಲಿಲ್ಲ. ಆದರೆ ಚೌಕಟ್ಟು ನಿಂತಾಗ ಅದರಲ್ಲಿ ಬೆಸುಗೆ ಎಲ್ಲಿದೆಯೆಂದು ಹುಡುಕಬೇಕಾಯಿತು. ರಫೀಕ್ ಭಾಯಿ ತಾನೇ ಅದನ್ನು ಮತ್ತೆ ಮತ್ತೆ ಸವರಿ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ದೊಡ್ಡ ಜಗಳ ಆದದ್ದು ಆನೆಗಳಿಂದ. ಕೆಲಸ ಮುಗಿಯುವ ಹೊತ್ತಿಗೆ ಈರಣ್ಣ ಯಾರನ್ನೂ ಕೇಳದೆ ಎರಡು ಸಿಮೆಂಟಿನ ಆನೆ ಮಾಡಿಸಿ ತಂದ. ಸೊಂಡಿಲು ಮೇಲೆತ್ತಿದವು, ಗುಲಾಬಿ ಬಣ್ಣದವು, ಸೊಂಡಿಲಿನಿಂದ ನೀರು ಬರುವಂಥವು. ಕಟ್ಟಡವಂತೂ ಕಾಣುವುದಿಲ್ಲ, ಮಡ್ಡಿಯ ತುದಿಯಲ್ಲಿ ಇವಾದರೂ ಕಾಣಲಿ ಎಂದು ಅವನ ಲೆಕ್ಕ. ತೋರಿಸಲು ಆಳಂದದಿಂದ ತನ್ನ ಬೀಗರನ್ನೂ ಕರೆತಂದಿದ್ದ. ಟೆಂಪೋದಿಂದ ಆನೆ ಇಳಿಸುವ ಹೊತ್ತಿಗೆ ಶೇಖರ್ ಬಂದ.

“ಈರಣ್ಣಾವರ, ನಿಮ್ಮ ತಲಿಯಾಗಿಂದು ಕಡೀಕೂ ಹೊರಗ ಬಂತು. ಎರಡ ಅವ. ಜ್ವಾಡಿ.”

ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ಈರಣ್ಣ ಇನ್ನೊಂದು ಆನೆಯ ಹಗ್ಗ ಬಿಚ್ಚತೊಡಗಿದ. ಶೇಖರ್ ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆತ ನನ್ನ ಕಡೆ ತಿರುಗಿದ.

“ತಪ್ಪು ನಂದ. ರೊಟ್ಟಿ ಬಡಿಯೋರ ಕೈಯಾಗ ಕಟ್ಟಡ ಕೊಟ್ಟರ ಹಿಂಗ ಆಗ್ತದ ಅಂತ ತಿಳಕೋಬೇಕಾಗಿತ್ತು.”

ರಫೀಕ್ ಭಾಯಿಗೆ ಕೊಟ್ಟ ಮಾತು ನನಗೆ ನೆನಪಿತ್ತು. ಆದರೂ ಕೇಳಿದೆ, ಎಲ್ಲರಿಗೂ ಕೇಳುವ ಹಾಗೆ.

“ಜಗತ್ ಸರ್ಕಲ್ಲಿನಾಗಿನ ಆ ನೀಲಿ ಗಾಜಿನ ಕಾಂಪ್ಲೆಕ್ಸ್ ಯಾವ ರೊಟ್ಟಿ ಬಡಿಯೋರು ಕಟ್ಟಿದ್ದು ಸಾಹೇಬ್ರ?”

ಶೇಖರ್ ರಫೀಕ್ ಭಾಯಿಯ ಕಡೆ ನೋಡಿದ, ಆಮೇಲೆ ನನ್ನ ಕಡೆ. ಸಿಟ್ಟಾಗುತ್ತಾನೆಂದುಕೊಂಡೆ. ಆಗಲಿಲ್ಲ.

“ನಾನ ಕಟ್ಟಿದ್ದು,” ಎಂದ. “ಮಾಲಕಗ ದೂರದಿಂದ ಕಾಣಬೇಕಾಗಿತ್ತು. ಹೂಂ ಅಂದೆ. ನೀಲಿ ಬೇಕು ಅಂದ, ಹೂಂ ಅಂದೆ. ಅವ ಅಂದದ್ದಕ್ಕೆಲ್ಲಾ ಹೂಂ ಅಂದೆ. ಹೊಸಬ, ಅಂಜಿಕಿ ಇತ್ತು. ಬ್ಯಾಸಗ್ಯಾಗ ಒಳಗಿನ ಅಂಗಡ್ಯಾಗ ಮಂದಿ ತಲಿ ತಿರುಗಿ ಬೀಳ್ತಾರ, ನನ್ನ ಕಣ್ಣಿಲೆ ನೋಡೀನಿ. ಅದಕ್ಕ ಹೇಳಾಕತ್ತೀನಿ ಅಕ್ಕಾವರ, ಆ ಆನಿ ಬ್ಯಾಡ.”

ಆಗ ನನಗೆ ಕನಿಕರ ಬಂತು ಎಂದುಕೊಳ್ಳಬೇಡಿ. ಆತ ರೊಟ್ಟಿಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ರಫೀಕ್ ಭಾಯಿಗೂ ಒಂದು ಮಾತು ಹೇಳಲಿಲ್ಲ. ಆದರೆ ನಾನು ಆನೆಗಳನ್ನು ಅದೇ ಟೆಂಪೋದಲ್ಲಿ ತಿರುಗಿ ಕಳಿಸಿದೆ. ಬೀಗರ ಎದುರಿಗೆ ಮರ್ಯಾದೆ ಹೋಯಿತೆಂದು ಈರಣ್ಣ ಆ ವರ್ಷದ ದೀಪಾವಳಿಗೆ ನಮ್ಮ ಮನೆಗೆ ಬರಲಿಲ್ಲ. ಅಣ್ಣತಮ್ಮಂದಿರಿಗೆ ಆರತಿ ಮಾಡುವ ದಿನ ಬೆಳಗುವ ತಟ್ಟೆ ಹಿಡಿದು ಕೂತಿದ್ದೆ. ಒಂದು ಕಟ್ಟಡಕ್ಕಾಗಿ, ಅದೂ ಇಂಥವನ ಕಟ್ಟಡಕ್ಕಾಗಿ, ತಮ್ಮನನ್ನು ಕಳೆದುಕೊಂಡೆನಲ್ಲ ಎಂದು ಆವತ್ತು ಶೇಖರನಿಗೆ ಶಾಪ ಹಾಕಿದ್ದು ಲೆಕ್ಕವಿಲ್ಲ. ಈರಣ್ಣ ಮತ್ತೆ ಮಾತಾಡಿದ್ದು ಹೋಟೆಲಿನ ಗಲ್ಲೆ ದುಡ್ಡಿನಿಂದ ತುಂಬತೊಡಗಿದ ಮೇಲೆ.

ಒಳಗಿನ ಗಿಡ, ಮೇಲಿನ ಬಳ್ಳಿ ಹಬ್ಬಲು ಬಿಟ್ಟು ಬಾಗಿಲು ತೆರೆದದ್ದು ಮುಂದಿನ ಬೇಸಿಗೆಯಲ್ಲೇ. ಹೊರಗೆ ಹಂಚು ಕಾದ ಹಾಗೆ ಕಾದ ಕಲ್ಲು, ಕಣ್ಣು ಬಿಡಲಾಗದ ಬೆಳಕು. ಬೋರ್ಡು ನೋಡಿ ಗಾಡಿ ನಿಲ್ಲಿಸಿದವರು, ಎಲ್ಲಿದೆ ಹೋಟೆಲು ಎಂದು ಸಿಡುಕುತ್ತಲೇ ದಿಬ್ಬ ಸುತ್ತಿ ಮೆಟ್ಟಿಲು ಇಳಿಯುತ್ತಿದ್ದರು. ಇಳಿದ ಮೇಲೆ ತಲೆಯ ಟವೆಲು ಕಳಚಿ ಮುಖ ಒರೆಸಿಕೊಳ್ಳುತ್ತಿದ್ದರು. ಹಸಿರು ನೆರಳು, ಒದ್ದೆ ಖಸ್ಸಿನ ವಾಸನೆ, ಮೊಳಕಾಲಿಗೆ ತಾಗುವ ಮೆಂತ್ಯದ ಮಡಿ, ಗಾಜಿನಾಚೆ ಬರೀ ಬಯಲು. ನನ್ನ ಖಾನಾವಳಿಯಲ್ಲಿ ಗದ್ದಲ ಮಾಡಿಕೊಂಡು ಉಣ್ಣುವ ಮಂದಿಯೇ ಅಲ್ಲಿ ಸಣ್ಣ ದನಿಯಲ್ಲಿ ಚಟ್ನಿ ಕೇಳುತ್ತಿದ್ದರು. ಒಬ್ಬ ಮುದುಕಿ ಸುಮ್ಮನೆ ಗೋಡೆಯ ಕಲ್ಲಿಗೆ ಕೆನ್ನೆ ಹಚ್ಚಿ ಕೂತದ್ದು ನೋಡಿದೆ. ನಾನು ಕೆಲಸ ಬಿಟ್ಟು ಹಾಗೆ ನಿಲ್ಲುವವಳಲ್ಲ. ಆವತ್ತು ನಿಂತೆ. ಇಷ್ಟು ಕೆಟ್ಟ ಬಾಯಿಯ ಮನುಷ್ಯನಿಂದ ಇದು ಹೇಗೆ ಬಂತು ಎನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಶೇಖರ್ ಒಳಗೆ ಇರಲಿಲ್ಲ. ಹುಡುಕಿಕೊಂಡು ಹೋದರೆ ಹೆದ್ದಾರಿಯ ಆಚೆ ಬದಿಯಲ್ಲಿ, ಉರಿಬಿಸಿಲಿನಲ್ಲಿ, ಮಡ್ಡಿಯ ಕಡೆ ನೋಡುತ್ತ ನಿಂತಿದ್ದ. ಕಲ್ಲು, ತಂಗಡಿ, ಆ ಒಂದು ಜಾಲಿ. ಒಲೆಯ ಹೊಗೆ ಎಳೆಯಷ್ಟು.

“ಏನೂ ಕಾಣಂಗಿಲ್ಲ ಅಕ್ಕಾವರ,” ಎಂದ. ದನಿಯಲ್ಲಿ ಮಗು ಹುಟ್ಟಿದವನ ಸಂಭ್ರಮವಿತ್ತು. ಆತ ಸಂತೋಷದಿಂದಿದ್ದುದನ್ನು ನಾನು ಕಂಡದ್ದು ಅದೊಂದೇ ಸಲ. ಬಾ, ಉಣ್ಣು ಎಂದೆ. ಬಂದು ಉಂಡ.

ಕಾಣದ್ದೇ ಆತನಿಗೆ ಮುಳುವಾಯಿತು. ಬಂದವರು ರೊಟ್ಟಿ ಹೊಗಳಿದರು, ತಂಪು ಹೊಗಳಿದರು, ಕೆಂಪು ಬಾಳೆಹಣ್ಣು ಕಟ್ಟಿಸಿಕೊಂಡು ಹೋದರು. ಕಟ್ಟಿದವರು ಯಾರೆಂದು ಕೇಳಿದವರು ಕಡಿಮೆ. ಕೇಳಿದವರಿಗೆ ಈರಣ್ಣ, “ನಾವ ಹಿಂಗ ಹಿಂಗ ಅಂತ ಹೇಳಿ ಮಾಡ್ಸಿದ್ವಿ,” ಎನ್ನುತ್ತಿದ್ದ. ನಾನು ಶೇಖರನ ಹೆಸರು ಹೇಳಿ ಕಳಿಸಿದ ಇಬ್ಬರು ಮೂವರು ಆತನ ಬಾಯಿಗೆ ಹೆದರಿ ಬೇರೆಯವರನ್ನು ಹಿಡಿದರು. ಮನೆ ಕಟ್ಟಿಸುವವರಿಗೆ ಬೇಕಾಗಿದ್ದುದು ಊರಿಗೆ ಕಾಣುವ ಮನೆ. ಈತನ ಒಂದೇ ಒಳ್ಳೆಯ ಕೆಲಸ ಮಡ್ಡಿಯ ಹಿಂದೆ ಬೆನ್ನು ತಿರುಗಿಸಿ ಕೂತಿತ್ತು. ಖಾನಾವಳಿಗೆ ಬರುವುದು ಅಪರೂಪವಾಯಿತು. ಬಂದರೂ ಬೇಗ ಉಂಡು ಏಳುತ್ತಿದ್ದ. ಆಮೇಲೆ ಮಹಡಿಯ ಮನೆ ಬಿಟ್ಟನೆಂದು ಕೇಳಿದೆ. ಎಲ್ಲಿಗೆ ಹೋದನೆಂದು ನಾನು ವಿಚಾರಿಸಲಿಲ್ಲ. ನೆಮ್ಮದಿಯಾಯಿತೆಂದೇ ಅಂದುಕೊಂಡೆ.

ಕಳೆದ ವರ್ಷ ನಮ್ಮ ಸಂಬಂಧಿಕರ ಮದುವೆಗೆಂದು ಊರ ಹೊರಗಿನ ಹೊಸ ಫಂಕ್ಷನ್ ಹಾಲಿಗೆ ಹೋಗಿದ್ದೆ. ಬಂಗಾರದ ಬಣ್ಣದ ಕಂಬಗಳು, ಗೋಡೆ ತುಂಬ ಕನ್ನಡಿ, ಕಾಲಿಟ್ಟರೆ ಜಾರುವ ಗ್ರಾನೈಟು. ಬಾಗಿಲಲ್ಲಿ ಮಾಲಕನ ಕಡೆಯವರ ಜೊತೆ ನಿಂತು ಬಂದವರಿಗೆಲ್ಲ ಕೈಮುಗಿಯುತ್ತಿದ್ದವನನ್ನು ದಾಟಿ ಹೋಗಿಬಿಟ್ಟಿದ್ದೆ. ಆತನೇ ಕರೆದ.

“ಅಕ್ಕಾವರ, ಆರಾಮ್ ಇದ್ದೀರಿ? ಮಾಸ್ತರು ಆರಾಮ್ ಇದ್ದಾರ್ರೀ? ಈರಣ್ಣಾವರು?”

ಶೇಖರ್. ಕೂದಲಿಗೆ ಬಣ್ಣ, ಇಸ್ತ್ರಿ ಮಾಡಿದ ಕೋಟು, ಹೆಗಲ ಮೇಲೆ ಸನ್ಮಾನದ ಶಾಲು. ನನ್ನ ಯಜಮಾನರನ್ನು ಆತ ವಿಚಾರಿಸಿದ್ದು ಅದೇ ಮೊದಲು. ಈ ಹಾಲು ತನ್ನದೇ ಕೆಲಸವೆಂದೂ, ಬೀದರ ಕಡೆ ಇನ್ನೂ ಎರಡು ನಡೆದಿವೆಯೆಂದೂ, ಊಟ ಮಾಡಿಕೊಂಡೇ ಹೋಗಬೇಕೆಂದೂ ಹೇಳಿದ. ಎಲ್ಲದಕ್ಕೂ ರೀ ಹಚ್ಚಿ, ನಗುತ್ತ.

“ತೊಂಡಿ ಬಳ್ಳಿ ಗಾಜಿನ ತುಂಬ ಹಬ್ಬ್ಯಾದ,” ಎಂದೆ. “ಅದರ ನೆರಳಿಗೆ ಈ ಸಲ ಪರದಾಕ್ಕ ನೀರು ಹೊಡಿಯೋ ಪಾಳಿ ಭಾಳ ತಡಾ ಮಾಡಿ ಬಂತು. ಒಮ್ಮೆ ಬಂದು ನೋಡಿ ಹೋಗ್ರಿ.”

“ಹೌದ್ರೀ? ಛಲೋ ಆತು. ಬರ್ತೀನ್ರಿ, ಬರಬೇಕು.”

ನನಗೆ ತಡೆಯಲಾಗಲಿಲ್ಲ. “ಈ ಕನ್ನಡಿ ಯಾರ ತಲೀದು?”

ಬೈಯಲಿ ಎಂದು ಕಾದೆ. ಮಾಲಕನನ್ನು, ಬೀಗರನ್ನು, ಬೇಕಾದರೆ ನನ್ನನ್ನು. ಒಂದು ಕ್ಷಣ ಆತನ ಮುಖದಲ್ಲಿ ಏನೋ ಸರಿದಾಡಿದ ಹಾಗಾಯಿತು, ಅಥವಾ ನನಗೆ ಹಾಗೆ ಬೇಕಾಗಿತ್ತು.

“ಸಾವ್ಕಾರ್ರದು ಅಕ್ಕಾವರ. ಮಂದಿಗೆ ಸೇರ್ತದ. ಫೋಟೋ ಛಂದ ಬರ್ತಾವ.”

ಅಷ್ಟರಲ್ಲಿ ಮಂಟಪದ ಕಡೆಯಿಂದ ಮಾಲಕ ಕೂಗಿದ. ಕೊರಳಲ್ಲಿ ಸರ ಹಾಕಿದ್ದ ಯುವಕ, ಶೇಖರನಿಗೆ ಮಗನಾಗಬಹುದಾದ ವಯಸ್ಸು.

“ಏ ಶೇಖರಾ, ಲೈಟಿನವ ಬಂದಾನ ನೋಡು, ಲಗೂನ ಬಾ.”

“ಬಂದೆ ಸಾವ್ಕಾರ್ರ, ಬಂದೆ,” ಎಂದ ಶೇಖರ್. ನನಗೆ ಇನ್ನೊಮ್ಮೆ ಕೈಮುಗಿದು, ಶಾಲು ಜಾರದಂತೆ ಎದೆಗೆ ಒತ್ತಿ ಹಿಡಿದುಕೊಂಡು, ಆ ನುಣುಪು ನೆಲದ ಮೇಲೆ ಹೆಚ್ಚೂಕಡಿಮೆ ಓಡಿದ. ನಾನು ವಧೂವರರಿಗೆ ಅಕ್ಷತೆ ಹಾಕಿ, ಊಟಕ್ಕೆ ನಿಲ್ಲದೆ ಹೊರಗೆ ಬಂದೆ.